ಬಲದ ಸರದಿ

ಬಟನ್ ಒತ್ತಿ ಹಿಡಿದರೆ ವಿಮಾನ ಬಲಕ್ಕೆ ತಿರುಗುತ್ತದೆ. ಬಿಟ್ಟರೆ ನೆಟ್ಟಗಾಗುತ್ತದೆ. ಮತ್ತೆ ಒತ್ತಿದರೆ ಎಡಕ್ಕೆ. ಬಿಟ್ಟರೆ ನೆಟ್ಟಗೆ. ಮತ್ತೆ ಬಲ. ಈ ಮಾದರಿ ವಿಮಾನದ ಹೊಟ್ಟೆಯಲ್ಲಿ ಹುರಿ ಹಾಕಿದ ರಬ್ಬರಿನ ಪಟ್ಟಿ ಇದೆ, ಅದರ ತುದಿಗೆ ತಗಡಿನ ಕೊಕ್ಕೆ. ನೆಲದ ಮೇಲಿನ ರೇಡಿಯೋ ಸೆಟ್ಟಿನಿಂದ ಸಂಕೇತ ಹೋದಾಗಲೆಲ್ಲ ಕೊಕ್ಕೆ ಒಂದು ಹೆಜ್ಜೆ ಸರಿದು ಬಾಲದ ಚುಕ್ಕಾಣಿಯನ್ನು ಎಳೆಯುತ್ತದೆ. ಎಡ ಬೇಕಾಗಿದ್ದು ಸರದಿ ಬಲದ್ದಾಗಿದ್ದರೆ, ಚಿಟಿಕೆ ಹೊಡೆದಷ್ಟು ಹೊತ್ತಿನಲ್ಲಿ ಬಲವನ್ನು ದಾಟಿಸಿ ಎಡವನ್ನು ಹಿಡಿಯಬೇಕು. ಹಾರಿಸುವವರು ಮರೆಯಬಾರದ್ದು ಒಂದೇ: ಹಿಂದಿನ ಸಲ ಒತ್ತಿದ್ದು ಯಾವುದು.

ನನ್ನ ಮೈದುನ ಪ್ರಲ್ಹಾದನಿಗೆ ಅದು ನೆನಪಿರುತ್ತಿರಲಿಲ್ಲ. ಕಣ್ಣು ವಿಮಾನದ ಮೇಲೆ ಹೋದರೆ ಬೆರಳಿನ ಲೆಕ್ಕ ತಪ್ಪುತ್ತಿತ್ತು. ಆದ್ದರಿಂದ ಬಟನ್ ಅವನ ಕೈಯಲ್ಲಿ, ಲೆಕ್ಕ ನನ್ನ ಬಾಯಲ್ಲಿ. "ಈಗ ಯಾವುದು, ವೈನಿ?" ಎಂದು ಅವನು ಕೇಳುತ್ತಿದ್ದ. "ಬಲ" ಎನ್ನುತ್ತಿದ್ದೆ, ಇಲ್ಲವೆ "ಎಡ". ಬೇರೆ ಮಾತು ಬೇಕಿರಲಿಲ್ಲ. ಆ ದಿನಗಳಲ್ಲಿ ಅಷ್ಟೇ ಮಾತು ನನ್ನಿಂದ ಆಗುತ್ತಿತ್ತು.

ವಿಮಾನವನ್ನು ಮಾಡಲು ಶುರುಮಾಡಿದವರು ನನ್ನ ಗಂಡ. ವಾಯುದಳದಲ್ಲಿ ಹರಿಕೇನ್ ಎಂಬ ಯುದ್ಧವಿಮಾನಗಳ ರೇಡಿಯೋ ರಿಪೇರಿ ಅವರ ಕೆಲಸ. ರಜೆಗೆ ಬಂದಾಗಲೆಲ್ಲ ಪುಣೆಯ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕುಳಿತು ಅದೇ ಹರಿಕೇನನ್ನು ಬಿದಿರು, ಬೆಂಡುಗಳಲ್ಲಿ ಕಟ್ಟುತ್ತಿದ್ದರು. ೧೯೪೫ರ ಮಳೆಗಾಲದಲ್ಲಿ ರಂಗೂನಿನಿಂದ ಅವರನ್ನು ತರಬೇಕಿದ್ದ ವಿಮಾನ ಬರಲಿಲ್ಲ. ಎಲ್ಲಿ ಬಿತ್ತೆಂದು ಯಾರಿಗೂ ತಿಳಿಯಲಿಲ್ಲ. ವರ್ಷ ಕಾದು ಮನೆಯವರು ಕ್ರಿಯಾಕರ್ಮ ಮುಗಿಸಿದರು. ಅದರ ಮರುವಾರ ನಾನು ಮಾಳಿಗೆ ಹತ್ತಿ, ಅವರು ಬಿಟ್ಟಲ್ಲಿಂದ ಕೆಲಸ ಹಿಡಿದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೆ, ವಾಲ್ವು, ಬ್ಯಾಟರಿ ನನಗೆ ಹೊಸವಲ್ಲ.

ಅವರು ನಿಜವಾದ ಹರಿಕೇನಿನ ಅಳತೆಯನ್ನೇ ಇಳಿಸಿ ಮಾಡಿದ್ದರು. ನೋಡಲು ಥೇಟ್ ಅದೇ. ಆದರೆ ಅಷ್ಟು ಚಿಕ್ಕದಾದ ಮೇಲೆ ಅದು ಗಾಳಿಯಲ್ಲಿ ತಾನಾಗಿ ಸ್ಥಿರ ನಿಲ್ಲದು. ರೆಕ್ಕೆಯ ತುದಿಗಳು ಇನ್ನಷ್ಟು ಮೇಲಕ್ಕೇರಬೇಕು, ಬಾಲ ದೊಡ್ಡದಾಗಬೇಕು. ನಾನು ರೆಕ್ಕೆಗಳನ್ನು ಬುಡದಲ್ಲಿ ಕೊಯ್ದು ಎತ್ತರಿಸಿ ಮತ್ತೆ ಅಂಟಿಸಿದೆ. ಖಡಕಿಯ ಮಿಲಿಟರಿ ಹರಾಜಿನಲ್ಲಿ ಸಿಕ್ಕ ಪ್ಯಾರಾಶೂಟಿನ ರೇಷ್ಮೆ ಹೊದಿಸಿದೆ. ಪ್ರಲ್ಹಾದ ನೋಡಿ ಮುಖ ಗಂಟು ಹಾಕಿದ.

"ಇದು ಹರಿಕೇನ್ ಅಲ್ಲ ವೈನಿ. ಹದ್ದು."

"ಹದ್ದು ಬೀಳೂದಿಲ್ಲ," ಎಂದೆ.

ಅತ್ತೆ ರಾಧಾಬಾಯಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಹರಿಕೇನ್ ಅಂದ್ರ ಕಂದೀಲ ಅಲ್ಲೇನೋ?" ಎಂದರು. ಪ್ರಲ್ಹಾದ ನಕ್ಕ. ಆ ಕೋಣೆಯಲ್ಲಿ ಯಾರಾದರೂ ನಕ್ಕು ಬಹಳ ದಿನಗಳಾಗಿದ್ದವು.

ಯುದ್ಧ ಮುಗಿದ ಮೇಲೆ ಸಂಕೇತ ಕಳಿಸುವ ಸೆಟ್ ಇಟ್ಟುಕೊಳ್ಳಲು ಪರವಾನಗಿ ಬೇಕಾಗಿತ್ತು. ಪ್ರಲ್ಹಾದನ ಹೆಸರಿನಲ್ಲಿ ಅರ್ಜಿ ಹಾಕಿದೆವು. ವೈರ್‌ಲೆಸ್ ಇನ್‌ಸ್ಪೆಕ್ಟರು ಬಂದು ಕಣ್ಣಾರೆ ನೋಡುವುದಾಗಿ ತಿಳಿಸಿದರು. ವಿಮಾನ ಒಂದು ಸುತ್ತು ಹಾಕಿ ಹೊರಟ ಬಯಲಿನಲ್ಲೇ ಇಳಿಯಬೇಕು. ಹತೋಟಿ ತಪ್ಪಿದರೆ ಸೆಟ್ ಜಪ್ತಿ.

ಮಾವ ರಾಘಣ್ಣನವರು ನಿವೃತ್ತ ಹೆಡ್‌ಕ್ಲಾರ್ಕು. ಯಾವುದನ್ನೂ ಅರ್ಧಕ್ಕೆ ಬಿಟ್ಟು ಮಾತಾಡುವವರಲ್ಲ. ಊಟಕ್ಕೆ ಕುಳಿತಾಗ ಹೇಳಿದರು: "ಸೆಟ್ ಹೋದ್ರ ಮಾಳಿಗಿ ಖೋಲಿಗೆ ಏನೂ ಕೆಲಸಿಲ್ಲ. ಖಾನಾವಳಿ ಸಂಕಪ್ಪ ಭಾಳ ದಿನದಿಂದ ಕೇಳಲಿಕ್ಕತ್ಯಾನ, ಅವಗ ಕೊಡೋಣ. ಅಂಬಾ ಬೆಳಗಾವಿಗೆ, ಅವರಣ್ಣನ ಕಡೆ ಇರ್ಲಿ. ಇಲ್ಲಿ ಕೂತು ಏನ್ ಮಾಡ್ತಾಳ?"

ಕೋಪದಿಂದ ಹೇಳಿದ್ದಲ್ಲ. ಬೆಳಗಾವಿಯ ಅಣ್ಣನ ಮನೆಯಲ್ಲಿ ನನಗೆ ಏನಿದೆ ಎಂದು ನನಗೆ ಗೊತ್ತಿತ್ತು: ಅಡುಗೆಮನೆಯ ಪಕ್ಕದ ಕತ್ತಲೆ ಮೂಲೆ, ಅತ್ತಿಗೆಯ ಮಕ್ಕಳು. ಸೆಟ್ ಉಳಿದರೆ ಕೋಣೆ, ಕೋಣೆ ಉಳಿದರೆ ಪುಣೆ. ನಾನು ಅನ್ನ ಕಲಸುತ್ತ ಕುಳಿತಿದ್ದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಚಿಂಚವಡದವರೆಗೆ ರೈಲಿನಲ್ಲಿ, ಅಲ್ಲಿಂದ ಎತ್ತಿನ ಬಂಡಿಯಲ್ಲಿ ವಾಕಡದ ಮಾಳಕ್ಕೆ, ಊರಾಚೆಯ ಎತ್ತರದ ಬಯಲಿಗೆ, ಹೋದೆವು. ಬಂಡಿಯಲ್ಲಿ ಹುಲ್ಲು ಹಾಸಿ ವಿಮಾನವನ್ನು ಮಲಗಿಸಿದ್ದೆವು. ಮಾವನವರು ಮುಂದೆ ಬಂಡಿಯವನ ಪಕ್ಕ ಕುಳಿತಿದ್ದರು. ಅತ್ತೆ ಒಂದು ಕೈಯಲ್ಲಿ ಅದರ ರೆಕ್ಕೆ, ಇನ್ನೊಂದರಲ್ಲಿ ಪೂಜೆಯ ತಟ್ಟೆ ಹಿಡಿದು ಕುಳಿತಿದ್ದರು. ಬರಬೇಡಿರೆಂದರೂ ಕೇಳಿರಲಿಲ್ಲ. ಮಗನ ವಿಮಾನ ಮೊದಲ ಸಲ ನಾಲ್ಕು ಜನರ ಮುಂದೆ ಹಾರುವುದನ್ನು ಅವರು ನೋಡಬೇಕಿತ್ತು.

ಮಾಳದ ಬಲಕ್ಕೆ ಬರೀ ಬಯಲು. ಎಡಕ್ಕೆ ಜೋಳದ ಹೊಲ, ಅರ್ಧ ಕೊಯ್ದಿತ್ತು. ಉಳಿದ ಜೋಳದ ಅಂಚಿಗೆ ಹೆಂಗಸರು ಸಾಲಾಗಿ ಬಾಗಿ ಕೊಯ್ಯುತ್ತಿದ್ದರು. ಆ ಕಡೆ ಹೋಗಬಾರದು. ಮೊದಲ ತಿರುವು ಬಲಕ್ಕೇ ಎಂದು ನಿಶ್ಚಯಿಸಿದೆವು.

ಬಂಡಿಯ ಮುಂದೆ ಜಮಖಾನೆ ಹಾಸಿ ಸೆಟ್ ಇಟ್ಟೆ, ಏರಿಯಲ್ ಕಂಬ ನಿಲ್ಲಿಸಿದೆ. ವಾಲ್ವುಗಳು ಕಾಯ್ದು ನೆಲೆಗೊಳ್ಳಲು ಹೊತ್ತು ಬೇಕು. ಸೆಟ್ಟನ್ನೂ ವಿಮಾನದೊಳಗಿನ ಚಿಕ್ಕ ಸೆಟ್ಟನ್ನೂ ಚಾಲೂ ಮಾಡಿದೆ. ಬಟನ್ ಎಂದರೆ ಬಾಗಿಲ ಗಂಟೆಗೆ ಹಾಕುವಂಥದೇ, ಉದ್ದ ವೈರಿನ ತುದಿಗೆ. ಒತ್ತಿದೆ: ಬಲ. ಬಿಟ್ಟೆ. ಒತ್ತಿದೆ: ಎಡ. ಬಿಟ್ಟೆ. ಚುಕ್ಕಾಣಿ ಸರಿಯಾಗಿ ಓಡುತ್ತಿತ್ತು.

"ಇನ್ನ ಬಲದ ಸರದಿ," ಎಂದು ಪ್ರಲ್ಹಾದನಿಗೆ ಹೇಳಿ ಬಟನ್ನನ್ನು ಜಮಖಾನೆಯ ಮೇಲಿಟ್ಟೆ. "ಯಾರೂ ಮುಟ್ಟಬಾರದು."

"ಹೌದ್ರಿ ಮಾಸ್ತರ್ರ," ಎಂದ ಅವನು.

ಅಷ್ಟರಲ್ಲಿ ಅತ್ತೆ ಬಂಡಿಯಿಂದ ತಟ್ಟೆ ಇಳಿಸಿಕೊಂಡರು. ಅರಿಷಿಣ, ಕುಂಕುಮ, ಎರಡು ಶೇವಂತಿಗೆ, ಒಂದು ತೆಂಗಿನಕಾಯಿ. ನಾನು ಬಂಡಿಯ ಹಿಂದಕ್ಕೆ ಹೋದೆ. ಹೋಗೆಂದು ಯಾರೂ ಹೇಳಲಿಲ್ಲ. ಎರಡು ವರ್ಷಗಳಿಂದ ಮನೆಯಲ್ಲಿ ಆರತಿ, ಅರಿಷಿಣ-ಕುಂಕುಮ ಕಂಡಲ್ಲಿ ನನ್ನ ಕಾಲುಗಳು ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದವು. ಎತ್ತುಗಳಿಗೆ ಹುಲ್ಲು ಹಾಕುವವಳಂತೆ ಅಲ್ಲಿ ನಿಂತೆ. ಕಾಯಿ ಒಡೆದ ಸದ್ದು ಕೇಳಿಸಿತು. ಒಂದು ಮೋಟಾರು ಮಾಳ ಹತ್ತಿ ಬರುವ ಸದ್ದೂ ಕೇಳಿಸಿತು. ಪ್ರಲ್ಹಾದ "ಸಾಹೇಬ್ರು ಬಂದ್ರು" ಎಂದು ಅತ್ತ ಓಡಿದ.

ಇನ್‌ಸ್ಪೆಕ್ಟರು ಲೋಕನಾಥರು, ಕುಂದಾಪುರದ ಕಡೆಯವರು. ಖಾಕಿ ಚಡ್ಡಿ, ಬಿಳಿ ಟೋಪಿ. ವಿಮಾನದ ಸುತ್ತ ಒಂದು ಸಲ ನಡೆದರು.

"ಚಂದ ಉಂಟು. ಬಾಂಬು ಗೀಂಬು ಇಲ್ಲವಲ್ಲ ಮಾರಾಯ್ರೆ?"

"ಇಲ್ರಿ ಸರ," ಎಂದ ಪ್ರಲ್ಹಾದ. ಅಷ್ಟರಲ್ಲಿ ನಾನು ಬಂಡಿಯ ಹಿಂದಿನಿಂದ ಬಂದು ವಿಮಾನದ ಹತ್ತಿರ ನಿಂತಿದ್ದೆ.

"ನೋಡಿ, ನನಗೆ ಬೇಕಾದ್ದು ಇಷ್ಟೇ. ನೀವು ಹೇಳಿದಲ್ಲಿಗೆ ಅದು ಹೋಗಬೇಕು. ಅದು ಹೋದಲ್ಲಿಗೆ ನೀವು ಹೋಗುವುದಲ್ಲ. ಶುರು ಮಾಡಿ."

ಪ್ರಲ್ಹಾದ ಎಂಜಿನ್ನಿನ ಪಂಖ ತಿರುಗಿಸಿದ. ಕೆಮ್ಮಿತು, ನಿಂತಿತು, ಮತ್ತೆ ತಿರುಗಿಸಿದ, ಹಿಡಿಯಿತು. ನಾನು ಮೊಣಕಾಲೂರಿ ಬಾಲ ಹಿಡಿದಿದ್ದೆ. ಹರಳೆಣ್ಣೆಯ ಹೊಗೆ ಮುಖಕ್ಕೆ ಬಂತು. ಅವನು ಹೋಗಿ ಬಟನ್ ಎತ್ತಿಕೊಂಡು ಕೈ ಬೀಸಿದ. ಬಿಟ್ಟೆ. ವಿಮಾನ ಬಂಡಿಜಾಡಿನ ಮೇಲೆ ಓಡಿ, ಕುಪ್ಪಳಿಸಿ, ನೆಲ ಬಿಟ್ಟಿತು.

ಅತ್ತೆ "ಅಯ್ಯ!" ಎಂದರು, ಅಷ್ಟೇ.

ನಾನು ಓಡಿ ಪ್ರಲ್ಹಾದನ ಪಕ್ಕ ನಿಂತೆ. ವಿಮಾನ ನೆಟ್ಟಗೆ ಏರುತ್ತಿತ್ತು. ಮೇಲೆತ್ತಿದ ರೆಕ್ಕೆಗಳು ಗಾಳಿಯ ಪ್ರತಿ ನೂಕಿಗೂ ತಾವಾಗಿ ಸಮನಾದವು. ಮೂರು ಆಳೆತ್ತರ, ತೆಂಗಿನೆತ್ತರ, ಇನ್ನೂ ಮೇಲೆ.

"ಈಗ ಯಾವುದು, ವೈನಿ?"

"ಬಲ."

ಅವನು ಒತ್ತಿ ಹಿಡಿದ. ವಿಮಾನ ಎಡಕ್ಕೆ ತಿರುಗಿತು.

ಗಾಳಿ ಇರಬೇಕು ಎಂದುಕೊಂಡೆ. ಗಾಳಿಯಾಗಿದ್ದರೆ ಮೂಗು ಅಷ್ಟು ಶಿಸ್ತಾಗಿ ತಿರುಗುತ್ತಿರಲಿಲ್ಲ. ಅದು ಚುಕ್ಕಾಣಿಯ ಮಾತನ್ನೇ ಕೇಳುತ್ತಿತ್ತು. ಈಗ ಮೂಗು ಜೋಳದ ಹೊಲದ ಕಡೆ ಇತ್ತು.

"ಬಿಡು," ಎಂದೆ. ಬಿಟ್ಟ.

"ಬಲ ಅಂದಿ, ಎಡಕ್ಕ ಹೋತು!"

"ಸರದಿ ಅದಲು-ಬದಲಾಗೇದ. ಈಗ ಬರೂದು ಬಲ. ಒತ್ತು, ಹಿಡಿ."

ಅವನಿಗೆ ನನ್ನ ಮಾತಿನಲ್ಲಿ ನಂಬಿಕೆ ಹೋಗಿತ್ತು. ಒತ್ತಿದ, ಹಿಡಿಯಲಿಲ್ಲ. ಮತ್ತೆ ಒತ್ತಿದ. ಬೆರಳು ತಡತಡ ಬಡಿಯತೊಡಗಿತು. ಬಾಲ ಆ ಕಡೆ ಈ ಕಡೆ ಹೊಯ್ದಾಡಿ, ವಿಮಾನ ಎತ್ತರ ಕಳೆದುಕೊಳ್ಳುತ್ತ ಹೆಂಗಸರ ಸಾಲಿನತ್ತಲೇ ಹೋಯಿತು. ಎಷ್ಟು ಸಲ ಒತ್ತಿದನೆಂಬುದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ಹತೋಟಿ ಉಂಟಾ?" ಲೋಕನಾಥರು ಹಿಂದಿನಿಂದ ಕೇಳಿದರು.

ನಾನು ಪ್ರಲ್ಹಾದನ ಕೈಯಿಂದ ಬಟನ್ ಕಿತ್ತುಕೊಂಡೆ. ಮಾವನವರು "ಏ ಅಂಬಾ" ಎಂದದ್ದು ಕೇಳಿತು. ಹೆಬ್ಬೆರಳು ಇಡುವಲ್ಲಿ ಕುಂಕುಮ ಮೆತ್ತಿತ್ತು. ಪ್ರಲ್ಹಾದನ ಬೆರಳಿನಿಂದ ಅಷ್ಟಿಷ್ಟು ಅಳಿಸಿತ್ತು, ಆದರೂ ನಡುವೆ ಬೊಟ್ಟು ಬೊಟ್ಟಾಗಿಯೇ ಇತ್ತು. ಕುಂಕುಮ ಹಚ್ಚುವ ಬೆರಳು ಒತ್ತಿಯೇ ಹಚ್ಚುತ್ತದೆ. ಒಂದು ಸಲ ಒತ್ತಿ ತೆಗೆದರೆ ಚುಕ್ಕಾಣಿ ಮತ್ತೆ ನೆಟ್ಟಗೇ ನಿಲ್ಲುತ್ತದೆ. ನೋಡಿದರೆ ಏನೂ ಆಗಿಲ್ಲ. ಬಲದ ಸರದಿ ಮಾತ್ರ ಕಳೆದುಹೋಗಿರುತ್ತದೆ.

ಅದು ತಿಳಿದು ಈಗ ಪ್ರಯೋಜನವಿರಲಿಲ್ಲ. ಈಗಿನ ಸರದಿ ಯಾವುದೋ ತಿಳಿಯದು. ಯಾವ ಕಡೆಗಾದರೂ ಸರಿ, ತಿರುಗಬೇಕಿತ್ತು. ಒತ್ತಿ ಹಿಡಿದೆ.

ಎಡ.

ವಿಮಾನ ಹೆಂಗಸರ ತಲೆಯ ಮೇಲಿನಿಂದ ಪಕ್ಕಕ್ಕೆ ಎಳೆದುಕೊಂಡು ಕೊಯ್ದ ಕೂಳೆಯ ಮೇಲೆ ಬಂತು. ಅವರು ಕುಡುಗೋಲು ಕೈಯಲ್ಲಿ ಹಿಡಿದೇ ನಿಂತು ನೋಡುತ್ತಿದ್ದರು. "ಪಳಾ, ಪಳಾ!" ಎಂದು ಯಾರೋ ಮರಾಠಿಯಲ್ಲಿ ಕೂಗಿದರು, ಓಡಿರೆಂದು. ಯಾರೂ ಓಡಲಿಲ್ಲ. ನಮ್ಮ ಜನ ವಿಮಾನ ಕಂಡರೆ ನಿಂತು ನೋಡುತ್ತಾರೆ.

ಹಿಡಿದೇ ಇದ್ದೆ. ಸುತ್ತು ಚಿಕ್ಕದಾಗುತ್ತ ಬಂತು, ಮೂಗು ಇಳಿಯಿತು. ಬಹಳ ಹೊತ್ತು ಹಿಡಿದರೆ ಹೀಗಾಗುತ್ತದೆಂದು ನನಗೆ ಗೊತ್ತಿತ್ತು. ಬಾಲ ದೊಡ್ಡದು ಮಾಡಿದವಳು ನಾನೇ. ಬಿಟ್ಟರೆ ಮೂಗು ಎದ್ದು ವಿಮಾನ ನೆಟ್ಟಗಾಗುತ್ತದೆ, ಉಳಿಯುತ್ತದೆ. ಆಮೇಲೆ ಸರದಿಯೂ ಗೊತ್ತು: ಬಲ. ತಿರುಗಿಸಿ ಮಾಳಕ್ಕೆ ತರಬಹುದು. ಆದರೆ ಆ ಕ್ಷಣ ಮೂಗು ಸುತ್ತಿ ಬಂದು ಮತ್ತೆ ಆ ಸಾಲಿಗೇ ಮುಖ ಮಾಡಿತ್ತು. ಎತ್ತರ ಒಂದು ಮನೆಯಷ್ಟೂ ಇರಲಿಲ್ಲ; ಬಿಟ್ಟರೆ ಏಳುವ ಮೊದಲು ಅದು ಅವರ ನಡುವಿನಿಂದಲೇ ಹಾಯುತ್ತಿತ್ತು. ಮುಂದೆ ಹಸಿರು ಸೀರೆಯ ಒಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬಿಡು ವೈನಿ! ಬಿಡು, ಏಳ್ತದ!"

ಬಿಡಲಿಲ್ಲ. ಬೆರಳಿನ ಬುಡ ನೋಯುವಷ್ಟು ಒತ್ತಿದೆ. ವಿಮಾನ ರೆಕ್ಕೆ ತಿರುಚಿಕೊಂಡು ಇನ್ನೊಂದು ಅರ್ಧ ಸುತ್ತು ಸುತ್ತಿ ಕೂಳೆಯೊಳಗೆ ಹೋಗಿ ಬಿತ್ತು. ಸದ್ದು ಮಡಕೆ ಒಡೆದಷ್ಟು. ಆಮೇಲೆ ಎಂಜಿನ್ ಇಲ್ಲದ ಮಾಳ.

ಹಸಿರು ಸೀರೆಯವಳೇ ಮೊದಲು ಬಂದಳು. ಅವಳ ಹೆಸರು ರಂಗೂಬಾಯಿ ಎಂದು ಉಳಿದವರು ಕೂಗುವುದರಿಂದ ತಿಳಿಯಿತು. ಕುಡುಗೋಲಿನ ತುದಿಯಿಂದ ರೆಕ್ಕೆಯನ್ನು ಮುಟ್ಟಿ ನೋಡಿ ಪ್ರಲ್ಹಾದನಿಗೆ ಮರಾಠಿಯಲ್ಲಿ ಚೆನ್ನಾಗಿ ಬೈದಳು. ಆಕಾಶ ಸಾಲದೆ ನಮ್ಮ ತಲೆಯೇ ಬೇಕಿತ್ತೇ, ಇಷ್ಟುದ್ದ ಬೆಳೆದಿದ್ದೀ, ಗಾಳಿಪಟ ಹಾರಿಸಲು ಬರುವುದಿಲ್ಲವೇ ಎಂದಳು. ಯಾರಿಗೂ ಪೆಟ್ಟಾಗಿರಲಿಲ್ಲ.

ಒಂದು ರೆಕ್ಕೆ, ಪಂಖ ಮುರಿದಿದ್ದವು, ಮೂಗು ಮಣ್ಣಿನಲ್ಲಿ ಹೂತಿತ್ತು. ಬಾಲ ಮಾತ್ರ ನೆಟ್ಟಗಿತ್ತು. ಎತ್ತಿ ತಂದು ಜಮಖಾನೆಯ ಮೇಲಿಟ್ಟೆವು. ಲೋಕನಾಥರು ಚಡ್ಡಿಗೆ ಹತ್ತಿದ ಮುಳ್ಳು ತೆಗೆಯುತ್ತ ನಿಂತರು.

"ಸೆಟ್ಟಿನಲ್ಲಿ ದೋಷ ಉಂಟು. ಬೇರೇನು?"

ಹೌದು ಎಂದರೆ ಎಲ್ಲ ಮುಗಿಯುತ್ತಿತ್ತು. ಅಲ್ಲವೆಂದರೆ ಕಾರಣ ಹೇಳಬೇಕು. ಹೇಳಿದರೆ ಅತ್ತೆ ಕೇಳಿಸಿಕೊಳ್ಳುತ್ತಾರೆ. ಅವರು ಮುರಿದ ರೆಕ್ಕೆಯ ಪಕ್ಕ ಕುಳಿತು ರೇಷ್ಮೆಯಿಂದ ಮಣ್ಣು ಕೊಡವುತ್ತಿದ್ದರು.

"ಸೆಟ್ ಸರಿ ಅದರಿ," ಎಂದೆ. "ಲೆಕ್ಕ ತಪ್ಪಿತು."

"ಯಾರ ಲೆಕ್ಕ?"

"ನಂದು."

ಅವರು ನನ್ನ ಕೈಯಿಂದ ಬಟನ್ ತೆಗೆದುಕೊಂಡು ಬಿಸಿಲಿಗೆ ಹಿಡಿದರು. "ಇದೇನು, ಕೆಂಪು?"

"ಕುಂಕುಮರಿ," ಎಂದರು ಅತ್ತೆ ತಲೆ ಎತ್ತಿ. "ನಾನೇ ಹಚ್ಚಿದೆ. ಯಂತ್ರಕ್ಕ ಪೂಜಾ ಮಾಡಬಾರದೇನ್ರಿ?"

ಲೋಕನಾಥರು ಬಟನ್ ಒತ್ತಿದರು. ಜಮಖಾನೆಯ ಮೇಲೆ ಮುರಿದು ಬಿದ್ದ ವಿಮಾನದೊಳಗೆ 'ಟಕ್' ಎಂದಿತು. ಬಾಲದ ಚುಕ್ಕಾಣಿ ಬಲಕ್ಕೆ ಹೊರಳಿತು. ಬಿಟ್ಟರು, ನೆಟ್ಟಗಾಯಿತು. ಮತ್ತೆ ಒತ್ತಿದರು. ಟಕ್. ಎಡಕ್ಕೆ.

ಅತ್ತೆ ಚುಕ್ಕಾಣಿಯನ್ನು ನೋಡಿದರು, ತಮ್ಮ ಉಂಗುರ ಬೆರಳನ್ನು ನೋಡಿಕೊಂಡರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕೈಯನ್ನು ಸೆರಗಿನೊಳಗೆ ಹಾಕಿಕೊಂಡರು.

"ಅಮ್ಮ, ನೀವು ಪೂಜೆ ಮಾಡಿದ್ದು ತಪ್ಪೆಂದು ನಾನು ಬರೆಯುವುದಿಲ್ಲ," ಎಂದರು ಲೋಕನಾಥರು. ಆಮೇಲೆ ನನ್ನ ಕಡೆ ತಿರುಗಿದರು. "ಲೆಕ್ಕ ಇಡುವವರು ನೀವು. ಆಗ ಎಲ್ಲಿದ್ದಿರಿ?"

"ಬಂಡಿ ಹಿಂದ."

"ಸೆಟ್ ಚಾಲೂ ಮಾಡಿಟ್ಟು?"

"ಹೌದು."

"ಯಾಕೆ?"

ಪ್ರಲ್ಹಾದ ನೆಲ ನೋಡಿದ. ಮಾವ ಕೆಮ್ಮಿದರು. ಲೋಕನಾಥರ ಕಣ್ಣು ತಟ್ಟೆಯ ಮೇಲೆ ಹೋಯಿತು, ನನ್ನ ಹಣೆಯ ಮೇಲೆ ಬಂತು, ಅಲ್ಲಿಂದ ಬೇರೆ ಕಡೆ ಹೋಯಿತು. ಅವರಿಗೆ ತಿಳಿದಿತ್ತು; ಆದರೂ ಕೇಳಿದ ಪ್ರಶ್ನೆಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

"ಅಕಿಗೆ ನಾವ್ಯಾರೂ ಹೋಗು ಅನ್ನಲಿಲ್ರಿ," ಎಂದರು ಅತ್ತೆ. "ಖರೇನ. ಮನ್ಯಾಗೂ ಅನ್ನೂದಿಲ್ಲ. ಅಕಿ ತಾನಾಗೇ ಹೋಗ್ತಾಳ." ಹೇಳಿ ಮುಗಿಸಿದ ಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿದವರಂತೆ ನನ್ನ ಕಡೆ ನೋಡಿದರು.

ಲೋಕನಾಥರು ಟೋಪಿ ತೆಗೆದು ಒಳಗಿನ ಬೆವರು ಒರೆಸಿದರು. "ನನಗೆ ನಿಮ್ಮ ಮನೆಯ ವಿಷಯ ಬೇಡ. ಯಂತ್ರ ಚಾಲೂ ಇರುವಾಗ ಗೊತ್ತಿದ್ದವರು ಅದರ ಹತ್ತಿರ ಇರಲಿಲ್ಲ. ಇದಕ್ಕೆ ಪರವಾನಗಿ ಕೊಡಲಿಕ್ಕೆ ಬರುವುದಿಲ್ಲ. ಸೆಟ್ ನಾನು ತೆಗೆದುಕೊಂಡು ಹೋಗ್ತೇನೆ." ಟೋಪಿ ಮತ್ತೆ ತಲೆಗಿಟ್ಟರು. "ಆದರೆ ಕಡೆಗೆ ಅದನ್ನು ಎಲ್ಲಿ ಬೀಳಿಸಬೇಕೋ ಅಲ್ಲೇ ಬೀಳಿಸಿದ್ದನ್ನೂ ನಾನು ನೋಡಿದ್ದೇನೆ. ವಿಮಾನ ರಿಪೇರಿ ಮಾಡಿ ತಿಳಿಸಿ, ಸೆಟ್ ತರ್ತೇನೆ, ಇನ್ನೊಮ್ಮೆ ನೋಡುವ. ಬಟನ್ ಈ ಅಮ್ಮನ ಕೈಯಲ್ಲೇ ಇರಬೇಕು. ಚಾಲೂ ಆದಲ್ಲಿಂದ ಬಂದ್ ಆಗುವವರೆಗೆ ಜಾಗ ಬಿಟ್ಟು ಕದಲಕೂಡದು. ಏನು ರಾಯರೇ, ಆಗ್ತದಾ?"

ಕೇಳಿದ್ದು ಮಾವನವರನ್ನು. ಅವರು ಕೋಟಿನ ಗುಂಡಿ ಹಾಕಿಕೊಂಡರು, ಬಿಚ್ಚಿದರು. "ಶುಭಕೆಲಸಕ್ಕ ನಮ್ಮಲ್ಲಿ ಒಂದು ಪದ್ಧತಿ ಅದರಿ..."

"ಪೂಜಾ ನಾ ಮನ್ಯಾಗೇ ಮಾಡಿ ಬರ್ತೀನಿ," ಎಂದರು ಅತ್ತೆ ಅವಸರದಿಂದ. "ಇಲ್ಲಿ ಬ್ಯಾಡ. ಅಕೀನೂ ಸರಿಯೂದು ಬ್ಯಾಡ."

ಅದು ಎಲ್ಲರಿಗೂ ಸರಿಹೋಗುವ ದಾರಿಯಾಗಿತ್ತು. ಮಾವನವರ ಮುಖ ಸಡಿಲಾಯಿತು. ನಾನು ಹೂಂ ಎಂದಿದ್ದರೆ ಸಾಕಿತ್ತು. ಆ ಎರಡು ವರ್ಷ ನಾನು ಎಲ್ಲದಕ್ಕೂ ಹೂಂ ಎಂದಿದ್ದೆ.

"ಬ್ಯಾಡ ಅತ್ಯಾ. ಪೂಜಾ ಇಲ್ಲೇ ಆಗ್ಲಿ," ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ನೀವು ಮಾಡ್ರಿ, ಸೆಟ್ ಚಾಲೂ ಮಾಡೂದಕ್ಕ ಮೊದಲು. ನಾ ಸೆಟ್ಟಿನ ಹತ್ರ ನಿಂತಿರ್ತೀನಿ. ಬಂಡಿ ಹಿಂದ ನನಗೇನೂ ಕೆಲಸಿಲ್ಲ."

ಪ್ರಲ್ಹಾದ ತಲೆ ಎತ್ತಿದ. ಮಾವನವರು ಕೋಟಿನ ಗುಂಡಿ ಮತ್ತೆ ಹಾಕಿಕೊಂಡರು. ಲೋಕನಾಥರು ಅದನ್ನೇ ಒಪ್ಪಿಗೆಯೆಂದು ತಿಳಿದು ಸೆಟ್ಟನ್ನು ಮೋಟಾರಿಗೆ ಎತ್ತಿಸಿಕೊಂಡು ಹೋದರು.

ಬಂಡಿ ಚಿಂಚವಡದ ಕಡೆ ಹೊರಟಿತು. ಅತ್ತೆ ಮುರಿದ ರೆಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಬಹಳ ದೂರ ಬಂದ ಮೇಲೆ ಮೆಲ್ಲಗೆ ಕೇಳಿದರು.

"ಬಟನ್ ಬಿಟ್ಟಿದ್ರ ಅವನ ವಿಮಾನ ಉಳೀತಿತ್ತೇನು?"

"ಉಳೀತಿತ್ತು."

"ಆ ಹೆಣ್ಣುಮಗಳು?"

ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ. ಅವರು ರೇಷ್ಮೆಯ ಹರಿದ ಅಂಚನ್ನು ಬೆರಳಿನಿಂದ ಮಡಿಸಿದರು, ಮತ್ತೆ ಬಿಡಿಸಿದರು. "ಛೊಲೊ ಮಾಡಿದಿ," ಎಂದರು. ಆಮೇಲೆ ಅತ್ತರು. ನನಗೂ ಅಳು ಬಂತು. ಎರಡು ವರ್ಷಗಳಿಂದ ಬರದಿದ್ದದ್ದು ಎತ್ತಿನ ಬಂಡಿಯಲ್ಲಿ, ಎಲ್ಲರ ಎದುರಿಗೆ, ಹರಳೆಣ್ಣೆಯ ವಾಸನೆಯ ನಡುವೆ ಬಂತು.

ಮಾವ ಎತ್ತುಗಳ ಬೆನ್ನನ್ನೇ ನೋಡುತ್ತ ಕುಳಿತಿದ್ದರು. ಸ್ಟೇಷನ್ನು ಕಾಣುವ ಹೊತ್ತಿಗೆ, ನಮ್ಮ ಕಡೆ ತಿರುಗದೆ, "ಎಷ್ಟು ದಿನ ಹಿಡೀತದ, ರಿಪೇರಿಗೆ?" ಎಂದು ಕೇಳಿದರು.

"ಪಂಖ ಹೊಸಾದು ಕೆತ್ತಬೇಕು," ಎಂದೆ. "ಒಂದು ತಿಂಗಳು."

"ಸಂಕಪ್ಪಗ ನಾಳೆ ಹೇಳಿ ಕಳಸ್ತೀನಿ. ಖೋಲಿ ಖಾಲಿ ಇಲ್ಲ ಅಂತ," ಎಂದರು. ಆಮೇಲೆ, "ಒಂದು ತಿಂಗಳ ಮಟ್ಟಿಗೆ," ಎಂದು ಸೇರಿಸಿದರು.